ಇಂಧನ–ಪರಿಸರದಲ್ಲಿ ಎಂ.ಟೆಕ್: ಕೋರ್ಸಿನ ಹೆಸರು ನೋಡಬೇಡಿ, ಲ್ಯಾಬ್ ನೋಡಿ

ಕೆಮಿಕಲ್ ಎಂಜಿನಿಯರಿಂಗ್ ಓದಿ ಇಂಧನ, ಪರಿಸರದ ಕಡೆ ಉನ್ನತ ವ್ಯಾಸಂಗ ಮಾಡಬೇಕೆನ್ನುವವರ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ದಾವಣಗೆರೆಯಲ್ಲಿ ಬಿ.ಇ. ಕೆಮಿಕಲ್ ಏಳನೇ ಸೆಮಿಸ್ಟರ್ ಓದುತ್ತಿದ್ದೇನೆ. ಪರಿಸರಕ್ಕೆ ಸಂಬಂಧಪಟ್ಟ ಎಂ.ಟೆಕ್ ಮಾಡುವ ಆಸೆ. ಅದರ ಪ್ರವೇಶ ಪರೀಕ್ಷೆಯಾದ ಗೇಟ್‌ನಲ್ಲಿ ಕೆಮಿಕಲ್ (ಸಿಎಚ್) ಪೇಪರ್ ಬರೆಯಲೋ, ಪರಿಸರ ವಿಜ್ಞಾನದ (ಇಎಸ್) ಪೇಪರ್ ಬರೆಯಲೋ? ಐಐಟಿಗಳಿಗೆ ಅರ್ಜಿ ಹಾಕುವ ಕ್ರಮವೂ ಗೊತ್ತಿಲ್ಲ.

ಸಿಎಚ್ ಬರೆಯಿರಿ. ಇಎಸ್ ಪೇಪರ್ 2021ರಲ್ಲಿ ಶುರುವಾಯಿತು. ಅದರಲ್ಲಿ ಜಲಸಂಪನ್ಮೂಲ, ಸೂಕ್ಷ್ಮಜೀವಿ ವಿಜ್ಞಾನ, ಘನತ್ಯಾಜ್ಯ, ಶಬ್ದಮಾಲಿನ್ಯ ಎಲ್ಲ ಬರುತ್ತವೆ. ಸಿವಿಲ್‌ನಲ್ಲಿ ಪರಿಸರ ಎಂಜಿನಿಯರಿಂಗ್ ಓದಿದವರಿಗೆ ಅದು ಹತ್ತಿರ. ನಿಮಗೆ ಅರ್ಧ ಪಠ್ಯ ಹೊಸದಾಗಿ ಓದಬೇಕಾಗುತ್ತದೆ, ಆಮೇಲೆ ತೆರೆಯುವ ಬಾಗಿಲುಗಳೂ ಕಡಿಮೆ. ಸಿಎಚ್ ಸ್ಕೋರ್ ಇದ್ದರೆ ಕೆಮಿಕಲ್ ವಿಭಾಗಗಳ ಜೊತೆಗೆ ಹಲವು ಇಂಧನ ವಿಭಾಗಗಳಿಗೂ ಪರಿಸರ ವಿಭಾಗಗಳಿಗೂ ಅರ್ಜಿ ಹಾಕಬಹುದು.

ಪರೀಕ್ಷೆ 3 ಗಂಟೆ, 65 ಪ್ರಶ್ನೆ, 100 ಅಂಕ. ಜನರಲ್ ಆಪ್ಟಿಟ್ಯೂಡ್‌ಗೆ 15 ಅಂಕ, ಗಣಿತಕ್ಕೆ ಸುಮಾರು 13. ಈ ಎರಡನ್ನೂ ಅಸಡ್ಡೆ ಮಾಡಿದವರು ಕಟ್‌ಆಫ್ ಹತ್ತಿರ ಬಂದು ನಿಲ್ಲುತ್ತಾರೆ. ಓದನ್ನು ಪ್ರೋಸೆಸ್ ಕ್ಯಾಲ್ಕುಲೇಶನ್ಸ್‌ನಿಂದ ಶುರುಮಾಡಿ. ಮೆಟೀರಿಯಲ್ ಬ್ಯಾಲೆನ್ಸ್ ತಡವರಿಸಿದರೆ ರಿಯಾಕ್ಷನ್ ಎಂಜಿನಿಯರಿಂಗೂ ಮಾಸ್ ಟ್ರಾನ್ಸ್‌ಫರೂ ಕೈಗೆ ಹತ್ತುವುದಿಲ್ಲ. ನಂತರ ಥರ್ಮೊಡೈನಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಹೀಟ್ ಟ್ರಾನ್ಸ್‌ಫರ್. ಪ್ಲಾಂಟ್ ಡಿಸೈನ್, ಕೆಮಿಕಲ್ ಟೆಕ್ನಾಲಜಿ ಕೊನೆಯ ತಿಂಗಳಿಗಿರಲಿ, ಅವು ನೆನಪಿನ ವಿಷಯಗಳು.

ಉತ್ತರವಾಗಿ ಸಂಖ್ಯೆಯನ್ನೇ ಟೈಪ್ ಮಾಡಬೇಕಾದ ಪ್ರಶ್ನೆಗಳಲ್ಲಿ ಬಹಳ ಜನ ಎಡವುತ್ತಾರೆ. ಮಧ್ಯದ ಹಂತದಲ್ಲೇ ಸಂಖ್ಯೆಯನ್ನು ದುಂಡಗೆ ಮಾಡಿಕೊಂಡರೆ ಕೊನೆಯ ಉತ್ತರ ಅವರು ಒಪ್ಪುವ ಮಿತಿಯಿಂದ ಆಚೆ ಹೋಗುತ್ತದೆ. ವಿಧಾನ ಸರಿಯಿದ್ದರೂ ಅಂಕ ಸೊನ್ನೆ. ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ ಬಿಟ್ಟು, ಪರೀಕ್ಷೆಯಲ್ಲಿ ಪರದೆಯ ಮೇಲೆ ಕೊಡುವಂಥದ್ದನ್ನೇ ಬಳಸಿ. ಇಂಥ ಪ್ರಶ್ನೆಗಳಿಗೆ ನೆಗೆಟಿವ್ ಮಾರ್ಕಿಂಗ್ ಇಲ್ಲ, ಖಾಲಿ ಬಿಡಬೇಡಿ. ಒಂದೇ ಸರಿಯುತ್ತರವಿರುವ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮಾತ್ರ ತಪ್ಪಿಗೆ ಮೂರನೇ ಒಂದು ಭಾಗ ಕಳೆಯುತ್ತಾರೆ.

ಇನ್ನು ಅರ್ಜಿ. ಫಲಿತಾಂಶ ಮಾರ್ಚ್‌ನಲ್ಲಿ ಬರುತ್ತದೆ. ಅದರ ಬೆನ್ನಿಗೇ ಪ್ರತಿಯೊಂದು ಐಐಟಿಗೂ ಅದರದೇ ಜಾಲತಾಣದಲ್ಲಿ ಬೇರೆ ಬೇರೆಯಾಗಿ ಅರ್ಜಿ ಹಾಕಬೇಕು, ಶುಲ್ಕವೂ ಬೇರೆ ಬೇರೆ. ಕೋಆ್ಯಪ್ ಎಂಬ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಎಲ್ಲ ಐಐಟಿಗೂ ಅರ್ಜಿ ಹೋಯಿತು ಎಂದುಕೊಂಡು ಕೂರುವವರು ಪ್ರತಿ ವರ್ಷವೂ ಇರುತ್ತಾರೆ. ಆ ಪೋರ್ಟಲ್ ಬಂದ ಆಫರ್‌ಗಳನ್ನು ತೋರಿಸಿ, ನಿಮ್ಮ ಒಪ್ಪಿಗೆ ಪಡೆಯುವುದಕ್ಕಷ್ಟೇ. ಪ್ರತಿ ಸುತ್ತಿನಲ್ಲೂ ಒಪ್ಪಿಕೊಂಡು ಮುಗಿಸುವುದು, ಇದನ್ನು ಇಟ್ಟುಕೊಂಡು ಮುಂದಿನದಕ್ಕೆ ಕಾಯುವುದು, ಬಿಟ್ಟು ಕಾಯುವುದು ಎಂಬ ಮೂರು ಆಯ್ಕೆಗಳಿರುತ್ತವೆ. ಕೊಟ್ಟ ಗಡುವಿನೊಳಗೆ ಒತ್ತಲೇಬೇಕು. ಸುರತ್ಕಲ್ ಸೇರಿದಂತೆ ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಪ್ರತ್ಯೇಕ ಕೌನ್ಸೆಲಿಂಗ್ ಇದೆ, ಅಲ್ಲಿ ಒಂದೇ ಅರ್ಜಿ ಸಾಕು. ಗೇಟ್ ಮೂಲಕ ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಸಿಗುತ್ತದೆ. ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.

ಬೆಂಗಳೂರಿನ ಐಐಎಸ್‌ಸಿಯ ಎಂ.ಟೆಕ್ (ರಿಸರ್ಚ್), ಐಐಟಿ ಮದ್ರಾಸಿನ ಎಂ.ಎಸ್. (ರಿಸರ್ಚ್) ಇಂಥವಕ್ಕೆ ಸಂದರ್ಶನ ಇರುತ್ತದೆ. ಅಲ್ಲಿ ಹವಾಮಾನ ಬದಲಾವಣೆಯ ಬಗ್ಗೆ ಭಾಷಣ ಕೇಳುವುದಿಲ್ಲ. ಚಾಕ್‌ಪೀಸ್ ಕೊಟ್ಟು, ಡಿಸ್ಟಿಲೇಶನ್ ಕಾಲಮ್‌ನ ರಿಫ್ಲಕ್ಸ್ ಕಡಿಮೆ ಮಾಡಿದರೆ ಆಪರೇಟಿಂಗ್ ಲೈನ್ ಎತ್ತ ಸರಿಯುತ್ತದೆ, ಟ್ರೇಗಳು ಎಷ್ಟಾಗುತ್ತವೆ ಎಂಬಂಥದ್ದನ್ನು ಬರೆದು ತೋರಿಸಲು ಹೇಳುತ್ತಾರೆ. ಎರಡು ಮೂರು ವಿಷಯಗಳನ್ನು ತಳಮಟ್ಟದಿಂದ ಗಟ್ಟಿ ಮಾಡಿಕೊಂಡು, ಅವೇ ನನ್ನ ವಿಷಯಗಳು ಎಂದು ಧೈರ್ಯವಾಗಿ ಹೇಳಿ.

ಪ್ರಶ್ನೆ: ಮಗನಿಗೆ ಒಂದು ಕಡೆ ಕೆಮಿಕಲ್ ಎಂಜಿನಿಯರಿಂಗ್ ಎಂ.ಟೆಕ್, ಇನ್ನೊಂದು ಕಡೆ 'ಎನರ್ಜಿ' ಹೆಸರಿನ ಎಂ.ಟೆಕ್ ಸಿಗುವ ಹಾಗಿದೆ. ಯಾವುದಕ್ಕೆ ಕೆಲಸ ಸಿಗುತ್ತದೆ?

ಹೆಸರಿನಿಂದ ತೀರ್ಮಾನ ಮಾಡಬೇಡಿ. ಇಂಧನದ ಒಳ್ಳೆಯ ಸಂಶೋಧನೆಯಲ್ಲಿ ಬಹುಪಾಲು ಕೆಮಿಕಲ್ ವಿಭಾಗಗಳ ಒಳಗೇ ನಡೆಯುತ್ತಿದೆ. ಬ್ಯಾಟರಿ, ಇಂಗಾಲ ಹಿಡಿಯುವ ದ್ರಾವಕ, ಜೈವಿಕ ಇಂಧನ, ಪೊರೆಯ ಮೂಲಕ ನೀರಿನ ಶುದ್ಧೀಕರಣ, ಯಾವುದನ್ನೇ ತೆಗೆದುಕೊಳ್ಳಿ, ಬುಡದಲ್ಲಿರುವುದು ಥರ್ಮೊಡೈನಮಿಕ್ಸ್, ಟ್ರಾನ್ಸ್‌ಪೋರ್ಟ್, ರಿಯಾಕ್ಷನ್. ಇಂಧನ ವಿಭಾಗಕ್ಕೆ ಹೋದರೆ ಇವುಗಳ ಜೊತೆ ಸೌರಫಲಕ, ಗ್ರಿಡ್, ಇಂಧನ ನೀತಿ ಸೇರುತ್ತವೆ. ಅದು ಬೇಕಿದ್ದವರಿಗೆ ಒಳ್ಳೆಯದೇ. ಆದರೆ ಮುಂದೆ ಕೆಮಿಕಲ್ ವಿಭಾಗದಲ್ಲಿ ಅಧ್ಯಾಪಕರಾಗುವ ಯೋಚನೆಯಿದ್ದರೆ ಎಚ್ಚರ: ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ಮಾಡುವ ಎಐಸಿಟಿಇಯ ನಿಯಮ ಬಿ.ಇ. ಮತ್ತು ಎಂ.ಟೆಕ್ ಎರಡೂ 'ಸಂಬಂಧಿತ ಶಾಖೆ'ಯಲ್ಲಿರಬೇಕು ಎನ್ನುತ್ತದೆ. ಪದವಿಪತ್ರದ ಮೇಲೆ ಏನೆಂದು ಅಚ್ಚಾಗುತ್ತದೆ ಎಂಬುದನ್ನು ಸೇರುವ ಮುನ್ನವೇ ವಿಭಾಗದ ಕಚೇರಿಗೆ ಫೋನ್ ಮಾಡಿ ಕೇಳಿ.

ಆಮೇಲೆ ಇನ್ನೂ ಮೂರು ಕೇಳಿ. ಪ್ರಾಜೆಕ್ಟ್ ಒಂದು ಸೆಮಿಸ್ಟರೋ, ಇಡೀ ವರ್ಷವೋ? ಗೈಡ್ ಯಾವಾಗ, ಯಾವ ಆಧಾರದ ಮೇಲೆ ನಿಗದಿಯಾಗುತ್ತಾರೆ? ಲ್ಯಾಬಿನಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಂಥ ಉಪಕರಣ ಸದ್ಯ ನಡೆಯುತ್ತಿದೆಯೋ, ದುರಸ್ತಿಗೆ ಕಾದು ಕೂತಿದೆಯೋ? ಕೊನೆಯ ಪ್ರಶ್ನೆಯನ್ನು ಅಲ್ಲಿ ಈಗ ಓದುತ್ತಿರುವ ವಿದ್ಯಾರ್ಥಿಗಳಿಗೇ ಕೇಳಬೇಕು. ಉಪಕರಣ ಆರು ತಿಂಗಳು ಕೆಟ್ಟು ನಿಂತರೆ ಪ್ರಾಯೋಗಿಕ ಪ್ರಾಜೆಕ್ಟ್ ಕಾಗದದ ಮೇಲಿನ ಪ್ರಾಜೆಕ್ಟ್ ಆಗಿಬಿಡುತ್ತದೆ.

ಪ್ರಶ್ನೆ: ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ, ತ್ಯಾಜ್ಯನೀರಿನ ಘಟಕದಲ್ಲಿ ಮೂರು ವರ್ಷದಿಂದ ಕೆಲಸ. ಈಗ ಓದಲು ಹೋದರೆ ಈ ಅನುಭವ ವ್ಯರ್ಥವಾಗುವುದಿಲ್ಲವೇ?

ವ್ಯರ್ಥವಾಗುವ ಮಾತೇ ಇಲ್ಲ. ತರಗತಿಯಲ್ಲಿ ಕೂತವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆ: ದಿನವಹಿ ಲಾಗ್‌ಶೀಟ್‌ನ ಮೇಲಿನ ಹಿಡಿತ. ಅದನ್ನು ಸಂಶೋಧನೆಯ ಪ್ರಶ್ನೆಯಾಗಿ ತಿರುಗಿಸುವುದು ಹೇಗೆಂದು ಲೆಕ್ಕದಲ್ಲೇ ನೋಡೋಣ.

ದಿನಕ್ಕೆ 60 ಸಾವಿರ ಲೀಟರ್ ಆಲ್ಕೋಹಾಲ್ ತೆಗೆಯುವ, ಕಾಕಂಬಿ ಬಳಸುವ ಡಿಸ್ಟಿಲರಿ ಎಂದಿಟ್ಟುಕೊಳ್ಳಿ. ಲೀಟರ್ ಆಲ್ಕೋಹಾಲಿಗೆ 10 ಲೀಟರ್ ಸ್ಪೆಂಟ್ ವಾಶ್ (ಆಲ್ಕೋಹಾಲ್ ತೆಗೆದ ಮೇಲೆ ಉಳಿಯುವ ತ್ಯಾಜ್ಯನೀರು) ಹಿಡಿದರೆ ದಿನಕ್ಕೆ 600 ಘನ ಮೀಟರ್. ಸಿಒಡಿ (ನೀರಿನಲ್ಲಿರುವ ಕೊಳೆಯನ್ನು ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಅಳತೆ) ಲೀಟರಿಗೆ 1 ಲಕ್ಷ ಮಿಲಿಗ್ರಾಂ ಇದ್ದರೆ ಒಟ್ಟು 60,000 ಕೆ.ಜಿ. ಬ್ಯಾಕ್ಟೀರಿಯಾ ಇದನ್ನು ಗಾಳಿಯಿಲ್ಲದೆ ಬಯೋಗ್ಯಾಸ್ ಮಾಡುವ ತೊಟ್ಟಿ, ಅಂದರೆ ಡೈಜೆಸ್ಟರ್, ಅದರಲ್ಲಿ ಶೇ 65ರಷ್ಟು ಕಳೆದರೆ 39,000 ಕೆ.ಜಿ. ಕಳೆದ ಪ್ರತಿ ಕೆ.ಜಿ. ಸಿಒಡಿಗೆ ಸಿದ್ಧಾಂತದ ಪ್ರಕಾರ 0.35 ಘನ ಮೀಟರ್ ಮೀಥೇನ್, ಅಂದರೆ ದಿನಕ್ಕೆ 13,650 ಘನ ಮೀಟರ್. ಬಯೋಗ್ಯಾಸಿನಲ್ಲಿ ಮೀಥೇನ್ ಶೇ 60 ಇದ್ದರೆ ಒಟ್ಟು ಗ್ಯಾಸ್ 22,750 ಘನ ಮೀಟರ್ ಬರಬೇಕು.

ಈಗ ನಿಮ್ಮ ಮೀಟರ್ ಏನು ಹೇಳುತ್ತದೆ ನೋಡಿ. ಕಡಿಮೆ ಇದ್ದೇ ಇರುತ್ತದೆ. ಸೋರಿಕೆಯೂ, ಮೀಟರಿನ ತಾಪಮಾನ ತಿದ್ದುಪಡಿಯೂ ಕಾರಣವಿರಬಹುದು. ಒಂದಿಷ್ಟು ಸಿಒಡಿ ಬ್ಯಾಕ್ಟೀರಿಯಾದ ಮೈ ಬೆಳೆಸಲು ಹೋಗುತ್ತದೆ. ಇನ್ನೊಂದು ಕಾರಣ ಸಲ್ಫೇಟ್. ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಪ್ರತಿ ಕೆ.ಜಿ. ಸಲ್ಫೇಟಿಗೆ 0.67 ಕೆ.ಜಿ. ಸಿಒಡಿಯನ್ನು ಮೀಥೇನ್ ಮಾಡುವವುಗಳ ಬಾಯಿಂದ ಕಸಿಯುತ್ತವೆ. ಲೀಟರಿಗೆ 5 ಗ್ರಾಂ ಸಲ್ಫೇಟ್ ಇದ್ದರೆ ಮೀಥೇನಿನಲ್ಲಿ ನಷ್ಟ ಶೇ 5ರಷ್ಟೇ. ಆದರೆ ಅದೆಲ್ಲ ಹೈಡ್ರೋಜನ್ ಸಲ್ಫೈಡ್ ಆಗಿ ಗ್ಯಾಸಿಗೆ ಬಂದರೆ ಅದರ ಪಾಲು ಶೇ 3ರ ಹತ್ತಿರ ಹೋಗುತ್ತದೆ. ಎಂಜಿನ್ ತಿನ್ನುವುದು, ಬಾಯ್ಲರ್ ಟ್ಯೂಬ್ ತೂತಾಗುವುದು ಅದರಿಂದಲೇ. ನೀರಿನಲ್ಲಿ ಕರಗಿ ಉಳಿದದ್ದು ಮೀಥೇನ್ ಬ್ಯಾಕ್ಟೀರಿಯಾಗಳಿಗೆ ವಿಷ, ಪಿಎಚ್ 7ಕ್ಕಿಂತ ಇಳಿದಷ್ಟೂ ವಿಷ ಜಾಸ್ತಿ. ಹಂಗಾಮಿನ ಭರದಲ್ಲಿ ಫೀಡ್ ಏರಿಸಿದಾಗ ಪಿಎಚ್ ಮೀಟರ್ ನೋಡಿಕೊಂಡು ಕೂರುವುದು ತಪ್ಪು. ಅದು ತಡವಾಗಿ ಹೇಳುತ್ತದೆ. ವೊಲಟೈಲ್ ಆ್ಯಸಿಡ್ (ಡೈಜೆಸ್ಟರಿನಲ್ಲಿ ಹುಟ್ಟುವ ಆಮ್ಲ) ಮತ್ತು ಆಲ್ಕಲಿನಿಟಿಯ (ಆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಅನುಪಾತ 0.3–0.4 ದಾಟುತ್ತಿದ್ದಂತೆ ಫೀಡ್ ಇಳಿಸಬೇಕು.

ಈ ಲೆಕ್ಕಕ್ಕೂ ನಿಮ್ಮ ಘಟಕದ ಅಂಕಿಗೂ ಇರುವ ಅಂತರವೇ ಒಂದು ಎಂ.ಟೆಕ್ ಪ್ರಬಂಧದ ವಸ್ತು. ಸಲ್ಫೈಡನ್ನು ಎಲ್ಲಿ ಹಿಡಿಯಬೇಕು, ಎಷ್ಟು ಗಾಳಿ ಬಿಟ್ಟು ಹಿಡಿಯಬಹುದು, ಕಂಪ್ರೆಸ್ಡ್ ಬಯೋಗ್ಯಾಸ್ ಮಾಡುವುದಾದರೆ ಖರ್ಚು ಹೇಗೆ ಬದಲಾಗುತ್ತದೆ ಎಂಬುದಕ್ಕೆಲ್ಲ ಕಾರ್ಖಾನೆಗಳಿಗೆ ಉತ್ತರ ಬೇಕಾಗಿದೆ. ಅರ್ಜಿಯ ಜೊತೆ ಕೊಡುವ ಬರಹದಲ್ಲಿ ಇದನ್ನೇ ಒಂದು ಪುಟ ಬರೆಯಿರಿ. ಕಾರ್ಖಾನೆಯ ಅಂಕಿಗಳನ್ನು ಬಳಸಲು ಮಾತ್ರ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಪ್ರಬಂಧ ಮುಗಿದ ಮೇಲೆ ತಕರಾರು ಬಂದರೆ ಪ್ರಕಟಣೆ ನಿಂತುಹೋಗುತ್ತದೆ.

ಪ್ರಶ್ನೆ: ಹಸಿರು ಹೈಡ್ರೋಜನ್‌ಗೆ ಭವಿಷ್ಯ ಇದೆ ಎನ್ನುತ್ತಾರೆ. ಅದರಲ್ಲೇ ಪಿಎಚ್.ಡಿ. ಮಾಡಬಹುದೇ?

ಮಾಡಬಹುದು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಆದರೆ ಘೋಷಣೆ ನೋಡಿ ವಿಷಯ ಆರಿಸಬೇಡಿ, ಅಡಚಣೆ ಎಲ್ಲಿದೆ ನೋಡಿ ಆರಿಸಿ.

ಒಂದು ಕೆ.ಜಿ. ಹೈಡ್ರೋಜನ್ ತೆಗೆಯಲು ವಿದ್ಯುತ್ತಿನಿಂದ ನೀರನ್ನು ಒಡೆಯುವ ಎಲೆಕ್ಟ್ರೊಲೈಸರ್ ಘಟಕಕ್ಕೆ ಸುಮಾರು 50ರಿಂದ 55 ಯೂನಿಟ್ ವಿದ್ಯುತ್ ಬೇಕು, ಪ್ರತಿಕ್ರಿಯೆಗೇ 9 ಲೀಟರ್ ಶುದ್ಧ ನೀರು ಬೇಕು. ದಿನಕ್ಕೆ ಒಂದು ಟನ್ ಎಂದರೆ ಹಗಲೂ ರಾತ್ರಿ ಎಡೆಬಿಡದೆ 2 ಮೆಗಾವ್ಯಾಟ್‌ಗಿಂತ ಹೆಚ್ಚು. ಪಾವಗಡದಂಥ ಕಡೆ ಸೌರಫಲಕ ಹಾಕಿದರೂ ರಾತ್ರಿ, ಮೋಡ ಎಲ್ಲ ಕಳೆದು ಸರಾಸರಿ ಸಿಗುವುದು ಸಾಮರ್ಥ್ಯದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ 10 ಮೆಗಾವ್ಯಾಟ್‌ನ ಆಸುಪಾಸು ಫಲಕ ಬೇಕಾಗುತ್ತದೆ. ಇಲ್ಲಿಂದ ಮುಂದೆ ಕೆಮಿಕಲ್ ಎಂಜಿನಿಯರ್ ಕೆಲಸ ಶುರು. ಸಂಜೆ ವಿದ್ಯುತ್ ಇಳಿದಾಗ ಆಲ್ಕಲೈನ್ ಎಲೆಕ್ಟ್ರೊಲೈಸರಿನಲ್ಲಿ ಆಮ್ಲಜನಕ ಹುಟ್ಟುವುದು ಕಡಿಮೆಯಾಗುತ್ತದೆ, ಪೊರೆ ದಾಟಿ ಬರುವ ಹೈಡ್ರೋಜನ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಮ್ಲಜನಕದಲ್ಲಿ ಹೈಡ್ರೋಜನ್ ಶೇ 4 ದಾಟಿದರೆ ಹೊತ್ತಿಕೊಳ್ಳುವ ಮಿಶ್ರಣ. ಅದಕ್ಕೇ ಶೇ 2ಕ್ಕೆ ಯಂತ್ರ ತಾನಾಗಿ ನಿಲ್ಲುವಂತೆ ಇಟ್ಟಿರುತ್ತಾರೆ. ದಿನಾ ನಿಂತು ನಿಂತು ಶುರುವಾದರೆ ಎಲೆಕ್ಟ್ರೋಡ್ ಸವೆಯುತ್ತದೆ. ಪೊರೆ, ಒತ್ತಡದ ನಿಯಂತ್ರಣ, ಕ್ಷಾರದ ಹರಿವನ್ನು ಹೊರೆಗೆ ತಕ್ಕಂತೆ ಬದಲಿಸುವುದು, ಈ ಮೂರರಲ್ಲಿ ಯಾವುದಾದರೂ ಒಂದನ್ನು ಹಿಡಿದರೆ ಐದು ವರ್ಷಕ್ಕೆ ಸಾಲುವಷ್ಟು ಕೆಲಸವಿದೆ. ಹೈಡ್ರೋಜನ್ ಮಾರುಕಟ್ಟೆ ನಿಧಾನವಾದರೂ ಈ ಎಲೆಕ್ಟ್ರೊಕೆಮಿಸ್ಟ್ರಿ ಬ್ಯಾಟರಿ, ಕ್ಲೋರ್-ಆಲ್ಕಲಿ ಉದ್ಯಮಗಳಲ್ಲಿ ಕೈಹಿಡಿಯುತ್ತದೆ.

ಇಂಗಾಲ ಹಿಡಿಯುವ ಕೆಲಸದ ಕಡೆ ಒಲವಿದ್ದರೆ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ರಾಷ್ಟ್ರೀಯ ಕೇಂದ್ರಗಳು ಐಐಟಿ ಬಾಂಬೆಯಲ್ಲೂ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಇವೆ.

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಮಾಡಲು ಜಮೀನು ಅಡವಿಟ್ಟು ಸಾಲ ತೆಗೆಯಲು ಮನೆಯಲ್ಲಿ ತಯಾರಿದ್ದಾರೆ. ಹೋಗಲೇ?

ಜಮೀನು ಅಡವಿಡುವ ಮೊದಲು ಇನ್ನೆರಡು ದಾರಿ ನೋಡಿ.

ಮೊದಲನೆಯದು, ಅಮೆರಿಕಕ್ಕೇ ನೇರ ಪಿಎಚ್.ಡಿ. ಅಲ್ಲಿ ಕೆಮಿಕಲ್ ವಿಭಾಗಗಳು ಬಿ.ಇ. ಮುಗಿಸಿದವರನ್ನೇ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ, ಜೊತೆಗೆ ಜೀವನಕ್ಕೆ ಸ್ಟೈಪೆಂಡ್. ಎಂ.ಎಸ್.ಗೆ ಈ ಸೌಲಭ್ಯ ಅಪರೂಪ. ಅರ್ಜಿಯ ಗಡುವು ಬಹುತೇಕ ಡಿಸೆಂಬರ್‌ನಲ್ಲಿ, ಹಾಗಾಗಿ ಶಿಫಾರಸು ಪತ್ರ ಬರೆದುಕೊಡುವ ಮೂವರು ಅಧ್ಯಾಪಕರನ್ನು ಸೆಪ್ಟೆಂಬರ್‌ನಲ್ಲೇ ಕೇಳಿಕೊಳ್ಳಿ. 'ಶ್ರಮಜೀವಿ, ವಿನಯವಂತ' ಎಂಬ ಪತ್ರದಿಂದ ಉಪಯೋಗವಿಲ್ಲ. ಪ್ರಾಜೆಕ್ಟಿನಲ್ಲಿ ನೀವು ಸ್ವತಃ ಏನು ಮಾಡಿದಿರಿ ಎಂದು ಅವರು ಬರೆಯಬೇಕು. ಅದಕ್ಕೆ ಬೇಕಾದ ವಿವರವನ್ನು ಅರ್ಧ ಪುಟದಲ್ಲಿ ನೀವೇ ಬರೆದುಕೊಡಿ.

ಎರಡನೆಯದು ಜರ್ಮನಿ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಕಾರ್ಲ್ಸ್‌ರೂಹ, ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ತೆಗೆದುಕೊಳ್ಳುತ್ತದೆ. ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ (ನಿಮ್ಮ ಪದವಿಯ ದಾಖಲೆಗಳನ್ನು ಪರಿಶೀಲಿಸಿ ಕೊಡುವಂಥದ್ದು) ಕಡ್ಡಾಯ, ಅದಕ್ಕೆ ಮೊದಲೇ ಅರ್ಜಿ ಹಾಕಿ. ವರ್ಷದ ಖರ್ಚಿಗೆಂದು, ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ 11,904 ಯೂರೊ, ಅದು ಪರಿಷ್ಕರಣೆಯಾಗುತ್ತಿರುತ್ತದೆ.

ನಿಮ್ಮ ಸಿಜಿಪಿಎಯನ್ನು ಜರ್ಮನಿಯ ಅಂಕಕ್ಕೆ ಪರಿವರ್ತಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಗರಿಷ್ಠದಿಂದ ನಿಮ್ಮ ಸಿಜಿಪಿಎ ಕಳೆದು, ಗರಿಷ್ಠದಿಂದ ಕನಿಷ್ಠ ಪಾಸ್ ಕಳೆದದ್ದರಿಂದ ಭಾಗಿಸಿ, 3ರಿಂದ ಗುಣಿಸಿ 1 ಕೂಡಿಸುತ್ತಾರೆ. ಸಂಖ್ಯೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಸಿಜಿಪಿಎ 8 ಇದ್ದವರಿಗೆ ಕನಿಷ್ಠ ಪಾಸ್ 4 ಎಂದು ಹಿಡಿದರೆ 2.0 ಬರುತ್ತದೆ, 5 ಎಂದು ಹಿಡಿದರೆ 2.2. ಕೆಲವು ಕೋರ್ಸುಗಳಲ್ಲಿ ಇಷ್ಟೇ ವ್ಯತ್ಯಾಸಕ್ಕೆ ಸೀಟು ಹೋಗುತ್ತದೆ. ಕನಿಷ್ಠ ಪಾಸ್ ಎಷ್ಟು ಎಂಬುದು ಅಂಕಪಟ್ಟಿಯಲ್ಲಿ ಸ್ಪಷ್ಟವಿಲ್ಲದಿದ್ದರೆ ನಿಮ್ಮ ವಿಶ್ವವಿದ್ಯಾಲಯದಿಂದ ಪತ್ರ ಪಡೆದು ಲಗತ್ತಿಸಿ.

ಇದರ ಜೊತೆಗೇ, ಯುರೋಪಿನ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಎರಾಸ್ಮಸ್ ಮುಂಡಸ್ ಜಂಟಿ ಮಾಸ್ಟರ್ಸ್‌ಗೂ ಅರ್ಜಿ ಹಾಕಿ. ಅದರ ಸ್ಕಾಲರ್‌ಶಿಪ್‌ಗೆ ಆಯ್ಕೆಯಾದರೆ ಶುಲ್ಕದ ಹೊರೆಯಿಲ್ಲ, ತಿಂಗಳಿಗೆ 1,400 ಯೂರೊ ಬರುತ್ತದೆ. ಸಾಲದ ಕಾಗದಕ್ಕೆ ಸಹಿ ಹಾಕುವುದು ಈ ಮೂರರ ಫಲಿತಾಂಶ ಕೈಗೆ ಬಂದ ಮೇಲಿರಲಿ. ಅಮೆರಿಕದ ಹಣಕಾಸು ನೆರವಿನ ಆಫರ್‌ಗೆ ಏಪ್ರಿಲ್ 15ರವರೆಗೆ ಉತ್ತರಿಸಲು ಹೆಚ್ಚಿನ ವಿಶ್ವವಿದ್ಯಾಲಯಗಳು ಅವಕಾಶ ಕೊಡುತ್ತವೆ, ಅಲ್ಲಿಯವರೆಗೆ ಕಾಯಲು ಹಿಂಜರಿಯಬೇಡಿ.