ಪ್ರತಿಕ್ರಿಯೆ: ಡ್ರೋನ್ ಸುತ್ತು ಹೊಡೆಯುವುದಕ್ಕೆ ಮೋಟಾರ್ ಕಾರಣವಲ್ಲ
ಕಂಟ್ರೋಲರ್ ಮುಟ್ಟದಿದ್ದರೂ ಡ್ರೋನ್ ನಿಂತಲ್ಲಿ ನಿಲ್ಲದೆ ಸುತ್ತುತ್ತದೆ, ಸುತ್ತು ದೊಡ್ಡದಾಗುತ್ತಲೇ ಹೋಗುತ್ತದೆ, ಮೋಟಾರ್ ಹೋಯಿತಾ ಅಂತ ಕೇಳಿದ್ದೀರಿ. ನನ್ನ ಅನುಮಾನ ಡ್ರೋನಿನೊಳಗಿನ ದಿಕ್ಸೂಚಿಯ ಮೇಲೆ. ಜಿಪಿಎಸ್ ಜಾಗವನ್ನು ಸರಿಯಾಗೇ ಹೇಳುತ್ತಿರುತ್ತದೆ. ಆದರೆ ಮೂತಿ ಯಾವ ಕಡೆಗಿದೆ ಅನ್ನೋ ಲೆಕ್ಕ ತಪ್ಪಿದರೆ ಪೂರ್ವಕ್ಕೆ ಸರಿಯಬೇಕಾದದ್ದು ಆಗ್ನೇಯಕ್ಕೆ ಸರಿಯುತ್ತದೆ, ಅದನ್ನು ತಿದ್ದಲು ಹೋಗಿ ಮತ್ತೆ ಅಡ್ಡ ಜಾರುತ್ತದೆ. ಬರೀ ಗಾಳಿಯಾದರೆ ಒಂದೇ ಕಡೆಗೆ ತಳ್ಳುತ್ತಿತ್ತು.

ತಾರಸಿಯಿಂದ ಹಾರಿಸಿದೆ ಅಂದಿರಲ್ಲ, ಎಡವಟ್ಟು ಬಹುಶಃ ಅಲ್ಲೇ. ದಿಕ್ಸೂಚಿಯ ಲೆಕ್ಕ ಕೆಡಿಸಲು ಕಾಂಕ್ರೀಟಿನೊಳಗಿನ ಕಬ್ಬಿಣ ಸಾಕು. ಬಯಲಿಗೆ ಹೋಗಿ, ಮೊಬೈಲು, ಬೀಗದ ಕೈ ದೂರವಿಟ್ಟು ದಿಕ್ಸೂಚಿಯ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಅದರ ಲೆಕ್ಕವನ್ನು ಹೊಸದಾಗಿ ಸರಿಹೊಂದಿಸಿ. ಮೇಲೇರಿಸುವ ಮುನ್ನ ನಕ್ಷೆಯಲ್ಲಿನ ಬಾಣ ಡ್ರೋನಿನ ಮೂತಿಯ ಕಡೆಗೇ ಇದೆಯಾ ನೋಡಿಕೊಳ್ಳಿ. ಮತ್ತೆ ಸುತ್ತತೊಡಗಿದರೆ ರಿಟರ್ನ್ ಟು ಹೋಮ್ (ಹಾರಿದ ಜಾಗಕ್ಕೆ ತಾನೇ ವಾಪಸ್ ಬರುವ ಬಟನ್) ಮಾತ್ರ ಒತ್ತಬೇಡಿ, ಅದೂ ಅದೇ ದಿಕ್ಸೂಚಿಯನ್ನು ನಂಬುತ್ತದೆ; ಕಂಟ್ರೋಲರ್ ಹಿಡಿದು ನೀವೇ ಇಳಿಸಿ.