ಓದುಗರ ಪ್ರಶ್ನೆ, ಕೋಚ್ ಉತ್ತರ: ಐವರು ನಂಬರ್ ಒನ್ ಆದ 2008

ಹಿಂದಿನ ಸಂಚಿಕೆಯಲ್ಲಿ, ‘ನಾನು ಕಂಡ ಮಹಿಳಾ ಟೆನಿಸ್‌ನ ಅತ್ಯುತ್ತಮ ವರ್ಷ 2008’ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೆ. ಅದನ್ನು ಓದಿ ಬರೆದವರಲ್ಲಿ ಒಪ್ಪಿದವರಿಗಿಂತ ತಕರಾರು ತೆಗೆದವರೇ ಹೆಚ್ಚು. ನಾಲ್ಕೂ ಗ್ರ್ಯಾನ್ ಸ್ಲಾಮ್ (ಆಸ್ಟ್ರೇಲಿಯಾ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್) ಜೊತೆಗೆ ಒಲಿಂಪಿಕ್ ಚಿನ್ನವನ್ನೂ ಸ್ಟೆಫಿ ಗ್ರಾಫ್ ಬಾಚಿಕೊಂಡ 1988 ಇರುವಾಗ 2008 ಹೇಗೆ ದೊಡ್ಡದು ಎಂದು ಹಲವರು ಕೇಳಿದ್ದಾರೆ. 1988 ಸ್ಟೆಫಿಯ ವರ್ಷ, ಅದರಲ್ಲಿ ಎರಡು ಮಾತಿಲ್ಲ. 2008 ಯಾರ ಕೈಗೂ ಪೂರ್ತಿ ಸಿಗಲಿಲ್ಲ. ನಾಲ್ಕು ಗ್ರ್ಯಾನ್ ಸ್ಲಾಮ್‌ಗೆ ನಾಲ್ವರು ಒಡತಿಯರು, ಒಲಿಂಪಿಕ್ ಚಿನ್ನಕ್ಕೆ ಐದನೆಯವರು, ವರ್ಷದ ಕೊನೆಗೆ ಮೊದಲ ಸ್ಥಾನದಲ್ಲಿ ನಿಂತದ್ದು ಆರನೆಯವರು! ಈ ಸಲ ಆ ವರ್ಷದ ಪತ್ರಗಳಿಗೇ ಉತ್ತರಿಸುತ್ತೇನೆ.

ಒಂದೂ ಗ್ರ್ಯಾನ್ ಸ್ಲಾಮ್ ಗೆಲ್ಲದ ಸರ್ಬಿಯಾದ ಯೆಲೆನಾ ಯಾಂಕೊವಿಚ್ ಆ ವರ್ಷ ನಂಬರ್ ಒನ್ ಆಗಿ ಮುಗಿಸಿದರಲ್ಲ, ಇದು ಯಾವ ನ್ಯಾಯ? ಲೆಕ್ಕದಲ್ಲೇ ದೋಷವಿಲ್ಲವೇ?
— ನಿವೃತ್ತ ಶಿಕ್ಷಕರು, ಹಾಸನ

ಮೇಷ್ಟ್ರೇ, ನಿಮ್ಮ ಶಾಲೆಯ ಲೆಕ್ಕದಲ್ಲೇ ಹೇಳುತ್ತೇನೆ. ಗಣಿತದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ತಟ್ಟಬೇಕು. ಆದರೆ ಆರೂ ವಿಷಯಗಳಲ್ಲಿ ತೊಂಬತ್ತು ದಾಟಿದವಳು ಶಾಲೆಗೆ ಮೊದಲಿಗಳಾಗುತ್ತಾಳೆ. ಮಹಿಳಾ ಟೆನಿಸ್ ಸಂಘಟನೆಯಾದ ಡಬ್ಲ್ಯುಟಿಎಯ ರ‍್ಯಾಂಕಿಂಗ್ ಮಾಡುವುದೂ ಇದನ್ನೇ. ಕಳೆದ 52 ವಾರಗಳಲ್ಲಿ ಆಡಿದ ಟೂರ್ನಿಗಳ ಪೈಕಿ ಉತ್ತಮ ಫಲಿತಾಂಶಗಳ ಪಾಯಿಂಟ್ ಕೂಡಿಸುತ್ತಾರೆ. ಗ್ರ್ಯಾನ್ ಸ್ಲಾಮ್‌ಗೆ ಎಲ್ಲಕ್ಕಿಂತ ಹೆಚ್ಚು ಪಾಯಿಂಟ್ ಇದೆ, ಆದರೆ ಉಳಿದ ಟೂರ್ನಿಗಳ ಫಲಿತಾಂಶವೂ ಲೆಕ್ಕಕ್ಕೆ ಬರುತ್ತದೆ. ಹೋದ ವರ್ಷ ಇದೇ ವಾರ ಗಳಿಸಿದ ಪಾಯಿಂಟ್ ಈ ವರ್ಷ ಇದೇ ವಾರ ಕಳಚಿಬೀಳುತ್ತದೆ. ಹಾಗಾಗಿ ನಿಂತಲ್ಲೇ ನಿಲ್ಲಬೇಕಾದರೂ ಮತ್ತೆ ಗೆಲ್ಲಬೇಕು.

ಯಾಂಕೊವಿಚ್ ಆ ವರ್ಷ ಮಾಡಿದ್ದನ್ನು ನೋಡಿ. ಜನವರಿಯಲ್ಲಿ ಮೆಲ್ಬರ್ನ್‌ನ ಆಸ್ಟ್ರೇಲಿಯಾ ಓಪನ್ ಮೊದಲ ಸುತ್ತಿನಲ್ಲೇ ಆಸ್ಟ್ರಿಯಾದ ತಮೀರಾ ಪಾಸ್ಜೆಕ್ ಎದುರು ಮ್ಯಾಚ್ ಪಾಯಿಂಟ್‌ಗಳನ್ನು (ಇನ್ನೊಂದು ಪಾಯಿಂಟ್ ಹೋದರೆ ಸೋಲು ಎಂಬ ಘಟ್ಟ) ಉಳಿಸಿಕೊಂಡು ಮೂರನೇ ಸೆಟ್ 12-10ರಲ್ಲಿ ಗೆದ್ದರು. ಅಲ್ಲಿಂದ ಸೆಮಿಫೈನಲ್‌ವರೆಗೆ ನಡೆದರು. ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲೂ ಸೆಮಿಫೈನಲ್. ರೋಮ್‌ನಲ್ಲಿ ಪ್ರಶಸ್ತಿ. ಅಮೆರಿಕ ಓಪನ್ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ಎದುರು 4-6, 5-7ರಿಂದ ಸೋತರು. ಎರಡನೇ ಸೆಟ್‌ನಲ್ಲಿ 5-3ರಿಂದ ಮುಂದಿದ್ದು ಕೈಚೆಲ್ಲಿದ ಸೋಲು ಅದು. ಅಷ್ಟು ಹತ್ತಿರ ಹೋಗಿ ಸೋತವರು ಆ ವರ್ಷಕ್ಕೆ ಸಾಕು ಎನ್ನಬಹುದಿತ್ತು. ಈಕೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಬೀಜಿಂಗ್, ಸ್ಟುಟ್‌ಗಾರ್ಟ್, ಮಾಸ್ಕೊ ಎಂದು ಮೂರು ವಾರ ಸತತವಾಗಿ ಮೂರು ಟೂರ್ನಿ ಗೆದ್ದರು. ಬೀಜಿಂಗ್‌ನಲ್ಲಿ ಆಡಿದ್ದು ಹೊರಾಂಗಣದಲ್ಲಿ, ಮಿಕ್ಕೆರಡು ಸೂರಿನಡಿ. ವಿಮಾನ ಇಳಿದು ಹೊಸ ಊರಿನ ಅಂಕಣಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಮೊದಲ ಪಂದ್ಯ ಬಂದಿರುತ್ತದೆ. ಎರಡು ದಿನ ಸತತ ಮೂರು ಸೆಟ್ ಆಡಿದ ನನ್ನ ವಿದ್ಯಾರ್ಥಿನಿಯರ ಕಾಲು ಮೂರನೇ ದಿನ ಹೇಗಿರುತ್ತದೆ ಎಂದು ನಾನು ದಿನವೂ ನೋಡುವವಳು. ಆ ಮೂರು ವಾರಗಳ ದುಡಿಮೆಗೆ ನನ್ನ ಮನಸ್ಸಿನಲ್ಲಿ ಒಂದು ಗ್ರ್ಯಾನ್ ಸ್ಲಾಮ್‌ನಷ್ಟೇ ಬೆಲೆ ಇದೆ. ಲೆಕ್ಕದಲ್ಲಿ ದೋಷವಿಲ್ಲ ಮೇಷ್ಟ್ರೇ. ಆ ಸ್ಥಾನ ಅವರಿಗೆ ಸಲ್ಲಬೇಕಾದದ್ದೇ.

ಆ ಒಂದೇ ವರ್ಷದಲ್ಲಿ ನಂಬರ್ ಒನ್ ಆಗಿದ್ದ ಐವರು ಇವರು: ಬೆಲ್ಜಿಯಂನ ಜಸ್ಟಿನ್ ಹೆನಿನ್, ಮರಿಯಾ ಶರಪೋವಾ, ಅನಾ ಇವಾನೊವಿಚ್, ಯಾಂಕೊವಿಚ್, ಸೆರೆನಾ. ಆಗಸ್ಟ್‌ನಲ್ಲಿ ಯಾಂಕೊವಿಚ್ ಮೊದಲ ಬಾರಿ ಆ ಸ್ಥಾನಕ್ಕೇರಿದಾಗ ಅದು ಒಂದೇ ವಾರ ಉಳಿಯಿತು. ಸೆರೆನಾ ಐದು ವರ್ಷಗಳ ನಂತರ ಅಲ್ಲಿಗೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್‌ನಲ್ಲಿ ಯಾಂಕೊವಿಚ್ ಅದನ್ನು ಮತ್ತೆ ಪಡೆದರು.

ವೀನಸ್, ಸೆರೆನಾ ಪರಸ್ಪರ ಆಡುವಾಗ ಯಾರು ಗೆಲ್ಲಬೇಕೆಂದು ಮನೆಯಲ್ಲೇ ಮಾತಾಗಿರುತ್ತಿತ್ತು ಎನ್ನುತ್ತಾರೆ. 2008ರ ವಿಂಬಲ್ಡನ್ ಕೂಡ ಹಾಗೆಯೇ?
— ಅಂಗಡಿ ಮಾಲೀಕರು, ಗದಗ

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ವರ್ಷ ಅಕ್ಕ ವೀನಸ್, ತಂಗಿ ಸೆರೆನಾ ನಾಲ್ಕು ಸಲ ಎದುರಾದರು. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗೆದ್ದದ್ದು ತಂಗಿ. ಜುಲೈನಲ್ಲಿ ವಿಂಬಲ್ಡನ್ ಫೈನಲ್‌ನಲ್ಲಿ ಅಕ್ಕ, 7-5, 6-4. ಸೆಪ್ಟೆಂಬರ್‌ನಲ್ಲಿ ಅಮೆರಿಕ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಎರಡೂ ಸೆಟ್ ಟೈಬ್ರೇಕ್‌ಗೆ ಹೋಗಿ ತಂಗಿ ಗೆದ್ದಳು. ನವೆಂಬರ್‌ನಲ್ಲಿ ದೋಹಾದ ವರ್ಷಾಂತ್ಯ ಟೂರ್ನಿಯಲ್ಲಿ ಮೊದಲ ಸೆಟ್ ಸೋತ ಅಕ್ಕ ಮಿಕ್ಕೆರಡನ್ನು 6-1, 6-0ರಲ್ಲಿ ಎಳೆದುಕೊಂಡಳು. ಎರಡು–ಎರಡು.

ಆ ವಿಂಬಲ್ಡನ್ ಫೈನಲ್ ಸಿಕ್ಕರೆ ಇನ್ನೊಮ್ಮೆ ನೋಡಿ. ಇಬ್ಬರೂ ಮುಖ ಬಿಗಿಹಿಡಿದು ಆಡುತ್ತಾರೆ. ಗಾಳಿ ಇದೆ, ಚೆಂಡು ಎತ್ತಿದ ಜಾಗಕ್ಕೇ ಬರುವುದಿಲ್ಲ. ಆದರೂ ವೀನಸ್‌ರ ಸರ್ವ್ ತಂಗಿಯ ಮೈಗೇ ಗುರಿಯಿಟ್ಟು ಬರುತ್ತದೆ. ಮನೆಯಲ್ಲಿ ಮಾತಾಗಿದ್ದರೆ ಯಾರೂ ಒಡಹುಟ್ಟಿದವಳ ಮೈಮೇಲೆ ಅಷ್ಟು ಬಿರುಸಾಗಿ ಸರ್ವ್ ಮಾಡುವುದಿಲ್ಲ. ವೀನಸ್‌ಗೆ ಅದು ಐದನೇ ವಿಂಬಲ್ಡನ್ ಸಿಂಗಲ್ಸ್ ಪ್ರಶಸ್ತಿ. ಅದೇ ದಿನ ಇಬ್ಬರೂ ಮತ್ತೆ ಅಂಕಣಕ್ಕಿಳಿದು ಡಬಲ್ಸ್ ಪ್ರಶಸ್ತಿಯನ್ನು ಒಟ್ಟಿಗೆ ಗೆದ್ದರು. ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಡಬಲ್ಸ್ ಚಿನ್ನವೂ ಅವರದೇ.

ಸೆರೆನಾ ಬೆಂಗಳೂರಿನಲ್ಲಿ ಆಡಿದ್ದರು ಎಂದು ನನ್ನ ತಂದೆ ಹೇಳುತ್ತಾರೆ, ನನಗೆ ನಂಬಿಕೆ ಬರುವುದಿಲ್ಲ. ನಿಜವೇ?
— ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ತಂದೆಯವರನ್ನು ನಂಬು. ಆಡಿದ್ದಷ್ಟೇ ಅಲ್ಲ, ಗೆದ್ದೂ ಹೋದರು. ಕಬ್ಬನ್ ಪಾರ್ಕ್‌ನೊಳಗಿನ ಕೆಎಸ್‌ಎಲ್‌ಟಿಎ (ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಅಂಕಣದಲ್ಲಿ 2008ರ ಮಾರ್ಚ್‌ನಲ್ಲಿ ನಡೆದ ಬೆಂಗಳೂರು ಓಪನ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿದರು. ನಾನು ಆಗ ಹೊಸದಾಗಿ ಕೋಚಿಂಗ್ ಶುರುಮಾಡಿದ್ದೆ. ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ನಾಲ್ಕು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದು ಸೆಮಿಫೈನಲ್‌ಗೆ, ಅಕ್ಕ–ತಂಗಿಯರ ಪಂದ್ಯಕ್ಕೆ. ಸೋಲಿಗೆ ಒಂದೇ ಪಾಯಿಂಟ್ ಇದ್ದಾಗ ಸೆರೆನಾ ಉಳಿದುಕೊಂಡು 6-3, 3-6, 7-6ರಿಂದ ಗೆದ್ದರು. ಟಿವಿಯಲ್ಲಿ ಎಷ್ಟೇ ನೋಡಿದ್ದರೂ ಆ ಹೊಡೆತದ ಸದ್ದು ಕಿವಿಗೆ ಬಿದ್ದಾಗ ಹುಡುಗಿಯರು ಬೆಚ್ಚಿದರು. ‘ಅಕ್ಕಾ, ಇಷ್ಟು ಜೋರಾ?’ ಎಂದು ಒಬ್ಬಳು ನನ್ನ ಕೈ ಹಿಡಿದುಕೊಂಡಳು. ವಾಪಸು ಬಂದ ಮೇಲೆ ಆ ನಾಲ್ವರೂ ರ‍್ಯಾಕೆಟ್ ಬೀಸುವ ರೀತಿಯೇ ಬದಲಾಯಿತು. ತಿಂಗಳುಗಟ್ಟಲೆ ನಾನು ಬಾಯಲ್ಲಿ ಹೇಳಿದ್ದು ಆ ಒಂದು ಪಂದ್ಯ ನೋಡಿದ್ದರಿಂದ ತಲೆಗೆ ಹೋಗಿತ್ತು.

ಆ ವರ್ಷದ ಸೆರೆನಾ ಓಟ ಶುರುವಾದದ್ದೇ ಬೆಂಗಳೂರಿನಿಂದ. ಇಲ್ಲಿಂದ ಮಯಾಮಿ, ಅಲ್ಲಿಂದ ಚಾರ್ಲ್ಸ್‌ಟನ್, ಸಾಲಾಗಿ ಮೂರು ಪ್ರಶಸ್ತಿ. ಬರ್ಲಿನ್‌ನಲ್ಲಿ ರಷ್ಯಾದ ದಿನಾರಾ ಸಫಿನಾ ತಡೆಯುವವರೆಗೆ ಅವರು ಸೋಲಲಿಲ್ಲ.

ಒಂದು ಕೊರತೆ ಇತ್ತು. ಸಾನಿಯಾ ಮಿರ್ಜಾ ಬರಲಿಲ್ಲ. ಜನವರಿಯಲ್ಲಷ್ಟೇ ಮಹೇಶ್ ಭೂಪತಿ ಜೊತೆ ಆಸ್ಟ್ರೇಲಿಯಾ ಓಪನ್ ಮಿಶ್ರ ಡಬಲ್ಸ್ ಫೈನಲ್ ಆಡಿದ್ದ ಹುಡುಗಿ, ಸಾಲುಸಾಲು ವಿವಾದಗಳಿಂದ ಬೇಸತ್ತು ಬೆಂಗಳೂರಿನಲ್ಲಿ ಆಡುವುದಿಲ್ಲ ಎಂದುಬಿಟ್ಟಿದ್ದರು. ಇಪ್ಪತ್ತೊಂದು ವಯಸ್ಸಿನ ಆಟಗಾರ್ತಿ ತನ್ನ ದೇಶದಲ್ಲೇ ಆಡಲು ಮನಸ್ಸಾಗದಷ್ಟು ನೊಂದದ್ದು ನಮಗೆಲ್ಲ ನಾಚಿಕೆಯ ವಿಷಯ ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆ ಟೂರ್ನಿಯೂ ಅಲ್ಲಿಗೇ ನಿಂತಿತು. 2022ರಲ್ಲಿ ಚೆನ್ನೈಗೆ ಡಬ್ಲ್ಯುಟಿಎ ಟೂರ್ನಿ ಬಂದಾಗ ಹೊಟ್ಟೆಯೊಳಗೆ ಸಣ್ಣ ಉರಿ ಎದ್ದದ್ದು ನಿಜ.

ಹೆನಿನ್ 25ನೇ ವಯಸ್ಸಿಗೇ, ಅದೂ ನಂಬರ್ ಒನ್ ಆಗಿರುವಾಗಲೇ ಬಿಟ್ಟು ಹೋದರಲ್ಲ. ಇನ್ನೆರಡು ವಾರ ಕಾದಿದ್ದರೆ ಇನ್ನೊಂದು ಫ್ರೆಂಚ್ ಓಪನ್ ಸಿಗುತ್ತಿತ್ತು. ಹೀಗೂ ಮಾಡುತ್ತಾರಾ?
— ಕಾಲೇಜು ವಿದ್ಯಾರ್ಥಿನಿ, ಕುಂದಾಪುರ

ಸಿಗುತ್ತಿತ್ತು ಎಂದು ಹೇಗೆ ಹೇಳುತ್ತೀಯಮ್ಮ? ಆ ಜನವರಿಯಲ್ಲಿ ಹೆನಿನ್ ಅವರು ಶರಪೋವಾ ಎದುರು 4-6, 0-6ರಿಂದ ಸೋತದ್ದು ನೆನಪಿದೆಯೇ? ಅದಕ್ಕೆ ಮೊದಲು ಹೆನಿನ್ 32 ಪಂದ್ಯ ಸತತ ಗೆದ್ದಿದ್ದರು. ಆ ಸೊನ್ನೆಯ ಸೆಟ್ ನೋಡಿದಾಗಲೇ ಆಕೆಯೊಳಗೆ ಏನೋ ಬರಿದಾಗಿದೆ ಎನ್ನಿಸಿತ್ತು. ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ಸಫಿನಾಗೆ ಸೋತರು. ಅದಾಗಿ ಕೆಲವೇ ದಿನಕ್ಕೆ, ಮೇ 14ರಂದು, ನಿವೃತ್ತಿ ಹೇಳಿದರು. ಪ್ಯಾರಿಸ್‌ನಲ್ಲಿ ಅದರ ಹಿಂದಿನ ಮೂರು ವರ್ಷವೂ ಅವರೇ ಚಾಂಪಿಯನ್.

ನನ್ನನ್ನು ಮುಟ್ಟುವುದು ಇನ್ನೊಂದು ಸಂಗತಿ. ಆಟ ಬಿಟ್ಟವರ ಹೆಸರು ಪಾಯಿಂಟ್ ಕರಗುವವರೆಗೆ ಪಟ್ಟಿಯಲ್ಲಿ ಇರುತ್ತದೆ. ಹೆನಿನ್ ಸುಮ್ಮನಿದ್ದಿದ್ದರೆ ಮನೆಯಲ್ಲಿ ಕೂತೇ ಇನ್ನಷ್ಟು ವಾರ ಮೇಲಿನ ಸ್ಥಾನಗಳಲ್ಲಿ ಇರುತ್ತಿದ್ದರು. ತಮ್ಮ ಹೆಸರನ್ನು ಕೂಡಲೇ ತೆಗೆಯಿರಿ ಎಂದು ಅವರೇ ಕೇಳಿಕೊಂಡರು. ಸುಮಾರು ಐದೂವರೆ ಅಡಿ ಎತ್ತರದ, ಒಂಟಿ ಕೈಯ ಬ್ಯಾಕ್‌ಹ್ಯಾಂಡ್‌ನಿಂದ ಆರಡಿ ಎತ್ತರದವರನ್ನು ಅಲೆದಾಡಿಸುತ್ತಿದ್ದ ಆಟಗಾರ್ತಿ. 2010ರಲ್ಲಿ ಮರಳಿ ಬಂದು ಆಸ್ಟ್ರೇಲಿಯಾ ಓಪನ್ ಫೈನಲ್ ಆಡಿದರು. ಬಿಟ್ಟದ್ದು ತಪ್ಪು, ಮರಳಿದ್ದು ಸರಿ ಎಂದು ತೂಗುವ ಆಸೆ ನನಗಿಲ್ಲ. ದಣಿದವರಿಗೆ ನಿಲ್ಲುವ ಹಕ್ಕಿದೆ.

ಇವಾನೊವಿಚ್ ಈಜುಕೊಳದಲ್ಲಿ ಟೆನಿಸ್ ಕಲಿತರಂತೆ, ಹೌದೇ?
— ಓದುಗರು, ಸಾಗರ

ಹೌದು. ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ ಚಳಿಗಾಲದಲ್ಲಿ ಒಳಾಂಗಣ ಅಂಕಣ ಸಿಗದೆ, ನೀರು ಖಾಲಿ ಮಾಡಿದ ಕೊಳದ ತಳಕ್ಕೆ ಕಾರ್ಪೆಟ್ ಹಾಸಿ ಆಡುತ್ತಿದ್ದರು. ಗೋಡೆ ಪಕ್ಕದಲ್ಲೇ ಇರುವುದರಿಂದ ಅಗಲಕ್ಕೆ ಹೊಡೆಯುವಂತಿರಲಿಲ್ಲ. 1999ರ ನ್ಯಾಟೊ ಬಾಂಬ್ ದಾಳಿಯ ದಿನಗಳನ್ನೂ ಆ ಊರಿನಲ್ಲೇ ಕಂಡ ಹುಡುಗಿ 2008ರ ಜೂನ್‌ನಲ್ಲಿ ಸಫಿನಾರನ್ನು 6-4, 6-3ರಿಂದ ಮಣಿಸಿ ಫ್ರೆಂಚ್ ಓಪನ್ ಎತ್ತಿ ಹಿಡಿದರು.

ನಿಮ್ಮ ಲೆಕ್ಕದಲ್ಲಿ ಆ ವರ್ಷದ ಆಟಗಾರ್ತಿ ಯಾರು?
— ಓದುಗರು, ಬಳ್ಳಾರಿ

ಸಫಿನಾ. ಟೆನಿಸ್ ತಾರೆ ಮರಾತ್ ಸಫಿನ್‌ರ ತಂಗಿ ಎಂದಷ್ಟೇ ಕರೆಸಿಕೊಳ್ಳುತ್ತಿದ್ದವರು ಬರ್ಲಿನ್‌ನ ಒಂದೇ ವಾರದಲ್ಲಿ ಹೆನಿನ್, ಸೆರೆನಾ, ತಮ್ಮದೇ ದೇಶದ ಯೆಲೆನಾ ಡೆಮೆಂಟೀವಾ ಮೂವರನ್ನೂ ಸೋಲಿಸಿದರು. ಪ್ಯಾರಿಸ್‌ನಲ್ಲಿ ಶರಪೋವಾ ಎದುರು, ಮತ್ತೆ ಡೆಮೆಂಟೀವಾ ಎದುರು, ಎರಡೂ ಪಂದ್ಯಗಳಲ್ಲಿ ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಫೈನಲ್ ತಲುಪಿದರು. ಒಲಿಂಪಿಕ್ ಫೈನಲ್‌ನಲ್ಲಿ ಅದೇ ಡೆಮೆಂಟೀವಾ 3-6, 7-5, 6-3ರಿಂದ ಗೆದ್ದು ಹಳೆಯ ಬಾಕಿ ತೀರಿಸಿಕೊಂಡರು. ವೆರಾ ಜ್ವೊನರೇವಾಗೆ ಕಂಚು, ಮೂರೂ ಪದಕ ರಷ್ಯಾದ ಪಾಲು.

ನನ್ನ ಮಗಳಿಗೆ ಹನ್ನೊಂದು ವರ್ಷ. ಶರಪೋವಾ ವಿಡಿಯೊ ನೋಡಿ ನೋಡಿ ಸರ್ವ್ ಅಭ್ಯಾಸ ಮಾಡುತ್ತಾಳೆ. ಈಗ ಭುಜ ನೋಯುತ್ತದೆ ಎನ್ನುತ್ತಾಳೆ. ನಿಲ್ಲಿಸಲೇ, ಮುಂದುವರಿಸಲೇ?
— ತಾಯಿ, ರಾಣೆಬೆನ್ನೂರು

ಸರ್ವ್ ಮಾಡುವುದನ್ನು ಇವತ್ತೇ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಈ ವಯಸ್ಸಿನಲ್ಲಿ ಮೂಳೆಯ ಬೆಳೆಯುವ ಭಾಗ ಇನ್ನೂ ಮೃದುವಾಗಿರುತ್ತದೆ. ದೊಡ್ಡವರ ಹಾಗೆ ಮುಲಾಮು ಹಚ್ಚಿ ಮುಂದುವರಿಸುವ ನೋವಲ್ಲ ಇದು.

ಶರಪೋವಾ ಕಥೆಯನ್ನು ಮಗಳಿಗೆ ಪೂರ್ತಿ ಹೇಳಿ, ತಾಯಿ. 2008ರ ಜನವರಿಯಲ್ಲಿ ಒಂದೂ ಸೆಟ್ ಬಿಡದೆ ಆಸ್ಟ್ರೇಲಿಯಾ ಓಪನ್ ಗೆದ್ದವರು, ಆಗಸ್ಟ್ ಹೊತ್ತಿಗೆ ಬಲ ಭುಜದ ಸ್ನಾಯುರಜ್ಜು ಹರಿದು ಒಲಿಂಪಿಕ್ಸ್‌ಗೂ ಹೋಗಲಿಲ್ಲ, ಅಮೆರಿಕ ಓಪನ್‌ನಲ್ಲೂ ಆಡಲಿಲ್ಲ. ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆ. ಸಿಂಗಲ್ಸ್‌ಗೆ ಮರಳಿದ್ದು ಮುಂದಿನ ವರ್ಷ ಮೇ ತಿಂಗಳಲ್ಲಿ. ಆಗ ಭುಜದ ಮೇಲಿನ ಭಾರ ತಗ್ಗಿಸಲು ಸರ್ವ್‌ನ ಬೀಸನ್ನೇ ಮೊಟಕು ಮಾಡಿಕೊಳ್ಳಬೇಕಾಯಿತು.

ವೈದ್ಯರು ಒಪ್ಪಿದ ಮೇಲೆ ಕೋಚ್ ಹತ್ತಿರ ಮೂರು ವಿಷಯ ಕೇಳಿ. ಒಂದು, ರ‍್ಯಾಕೆಟ್ ಅಳತೆ. ಬೆಳೆದ ಮೇಲೂ ಬರಲಿ ಎಂದು 27 ಇಂಚಿನ ದೊಡ್ಡವರ ರ‍್ಯಾಕೆಟ್ ಕೊಡಿಸಿದ್ದರೆ ಬದಲಿಸಿ. ಬಹಳಷ್ಟು ಹನ್ನೊಂದರ ಮಕ್ಕಳಿಗೆ 26 ಇಂಚಿನ ಹಗುರ ರ‍್ಯಾಕೆಟ್ ಸಾಕು. ಎರಡು, ಚೆಂಡು ಎತ್ತುವ ಜಾಗ. ತಲೆಯ ಹಿಂದಕ್ಕೆ ಬೀಳುತ್ತಿದ್ದರೆ ಅದನ್ನು ಎಳೆದು ಹೊಡೆಯುವ ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ಮೂರು, ಮಂಡಿ ಬಾಗುತ್ತಿದೆಯೇ ಎಂಬುದು. ಸರ್ವ್‌ನ ಬಲ ಏಳಬೇಕಾದದ್ದು ಕಾಲಿನಿಂದ. ಶುರುವಿಗೆ ದಿನಕ್ಕೆ ಇಷ್ಟೇ ಸರ್ವ್ ಎಂದು ಎಣಿಸಿ ಕೊಡಿ, ನೋವು ಬಂದ ದಿನ ಅದೂ ಬೇಡ. ಸರ್ವ್ ಇಲ್ಲದ ಈ ವಾರಗಳಲ್ಲಿ, ವೈದ್ಯರು ಒಪ್ಪುವುದಾದರೆ, ಅಂಕಣದಲ್ಲಿ ಕಾಲು ಕದಲಿಸುವ ಅಭ್ಯಾಸ ಮಾಡಿಸಿ. ಸಾಮಾನ್ಯವಾಗಿ ಮಕ್ಕಳು ಅದಕ್ಕೆ ಸಮಯವನ್ನೇ ಕೊಡುವುದಿಲ್ಲ.