ಅಂತರ್ಮುಖಿಗಳು ತಮಗೆ ಬೇಕಾದ್ದನ್ನು ಮನೆಯವರಿಗೆ, ಸಹೋದ್ಯೋಗಿಗಳಿಗೆ ಹೇಗೆ ಹೇಳಬೇಕು?

ಮೊದಲು ಹೇಳುವ ಹೊತ್ತನ್ನು ಸರಿಮಾಡಿಕೊಳ್ಳಿ. ಹೆಚ್ಚಿನವರು ಪೂರ್ತಿ ದಣಿದ ಮೇಲೆ ಬಾಯಿ ಬಿಡುತ್ತಾರೆ. ಆಗ ಕೋರಿಕೆ ಸಿಡುಕಾಗಿ ಹೊರಬೀಳುತ್ತದೆ, ಎದುರಿನವರಿಗೆ ಕೇಳಿಸುವುದು ಸಿಡುಕು ಮಾತ್ರ.

"ನನಗೆ ಸ್ವಲ್ಪ ಸ್ಪೇಸ್ ಬೇಕು" ಎಂದರೆ ಯಾರಿಗೂ ಏನೂ ತಿಳಿಯದು. ಎಷ್ಟು ಹೊತ್ತು, ಯಾಕೆ, ಆಮೇಲೇನು, ಮೂರನ್ನೂ ಸೇರಿಸಿ: "ಕೆಲಸದಿಂದ ಬಂದ ಮೇಲೆ ಅರ್ಧ ಗಂಟೆ ಒಬ್ಬಳೇ ಕೂರುತ್ತೇನೆ, ತಲೆ ತಿಳಿಯಾಗಬೇಕು. 7 ಗಂಟೆಗೆ ಮಾತಾಡೋಣ." ಕೊನೆಯ ವಾಕ್ಯವೇ ಮುಖ್ಯ. ಅದಿಲ್ಲದಿದ್ದರೆ ನಿಮ್ಮ ಮೌನವನ್ನು ಕೋಪ ಅಂತಲೋ ತಾತ್ಸಾರ ಅಂತಲೋ ತಿಳಿದುಕೊಳ್ಳುತ್ತಾರೆ. 7 ಗಂಟೆಗೆ ನಿಜವಾಗಿಯೂ ಎದ್ದು ಬನ್ನಿ; ಎರಡು ಸಲ ತಪ್ಪಿದರೆ ಮೂರನೆಯ ಸಲ ನಂಬುವುದು ಕಷ್ಟ.

ಆಫೀಸಿನಲ್ಲಿ ಬರೆದು ಕೇಳುವುದೇ ಲೇಸು: "ಅಜೆಂಡಾ ಹಿಂದಿನ ದಿನವೇ ಸಿಕ್ಕರೆ ಯೋಚಿಸಿಕೊಂಡು ಬರಬಲ್ಲೆ." ಯಾರಾದರೂ ತಕ್ಷಣ ಉತ್ತರ ಕೇಳಿದರೆ "ನಾಳೆ 10ಕ್ಕೆ ಹೇಳುತ್ತೇನೆ" ಎನ್ನಿ.

ಕೋರಿಕೆಯನ್ನು ಕ್ಷಮೆ ಕೇಳುತ್ತಾ ಶುರು ಮಾಡಬೇಡಿ. "ಸಾರಿ, ತೊಂದರೆಯಾದರೆ ಬಿಡಿ" ಅಂದರೆ ಅವರು ಬಿಟ್ಟೇಬಿಡುತ್ತಾರೆ. ಕೇಳಿದ ಮೇಲೆ ಸುಮ್ಮನಿರಿ. ಆ ನಾಲ್ಕೈದು ಸೆಕೆಂಡಿನ ಮೌನ ತಡೆಯಲಾರದೆ "ಇರಲಿ, ಪರವಾಗಿಲ್ಲ" ಎಂದು ತಾವೇ ಕೋರಿಕೆಯನ್ನು ಹಿಂತೆಗೆದುಕೊಳ್ಳುವವರು ಬಹಳ.